ಅಮೆರಿಕದಲ್ಲಿ ವಿದ್ಯುತ್ ಕಾರು: ಬ್ಯಾಟರಿಯ ಮೂಲ ಮತ್ತು ತೆರಿಗೆಯ ಲಾಭವನ್ನು ತೂಗಿ ಆರಿಸಿಕೊಳ್ಳುವ ಬಗೆ

ಹೊಸ ವಿದ್ಯುತ್ ಕಾರು ಕೊಂಡವರಿಗೆ ಫೆಡರಲ್ ಸರ್ಕಾರ ಕೊಡುತ್ತಿದ್ದ 7,500 ಡಾಲರಿನ ತೆರಿಗೆ ಕ್ರೆಡಿಟ್, ಅಂದರೆ ಕಟ್ಟಬೇಕಾದ ತೆರಿಗೆಯಲ್ಲೇ ಸಿಗುತ್ತಿದ್ದ ಕಡಿತ, 2025ರ ಸೆಪ್ಟೆಂಬರ್ 30ಕ್ಕೆ ಕೊನೆಗೊಂಡಿತು. ಅಂದಿನಿಂದ ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ವಿದ್ಯುತ್ ಕಾರಿನ ಮಾತು ಬಂದಾಗಲೆಲ್ಲ ಎರಡು ಪ್ರಶ್ನೆಗಳು ಒಟ್ಟಿಗೇ ಏಳುತ್ತಿವೆ. ಇನ್ನು ಹೊಸ ಕಾರು ಕೊಳ್ಳುವುದೋ, ಲೀಸ್‌ಗೆ ಪಡೆಯುವುದೋ, ಬಳಸಿದ ಕಾರನ್ನು ನೋಡುವುದೋ ಎಂಬುದು ಮೊದಲನೆಯದು. ಕ್ರೆಡಿಟ್ಟೇ ಇಲ್ಲದ ಮೇಲೆ ಬ್ಯಾಟರಿ ಯಾವ ದೇಶದ್ದೆಂದು ವಿಚಾರಿಸುವ ಅಗತ್ಯ ಉಳಿದಿದೆಯೇ ಎಂಬುದು ಎರಡನೆಯದು. ಅಗತ್ಯ ಉಳಿದಿದೆ, ಆದರೆ ಅದರ ಕಾರಣ ಬದಲಾಗಿದೆ. ಇಷ್ಟು ವರ್ಷ ನಾವು ಕ್ರೆಡಿಟ್ಟಿಗೆ ಅರ್ಹವಾದ ಕಾರುಗಳ ಸರ್ಕಾರಿ ಪಟ್ಟಿಯಲ್ಲಿ ಕಾರಿನ ಹೆಸರಿದೆಯೇ ಎಂದು ನೋಡಿ, ಅದನ್ನೇ ಒಳ್ಳೆಯ ಬ್ಯಾಟರಿಯ ಗುರುತೆಂದು ಭಾವಿಸುತ್ತಿದ್ದೆವು. ಆ ಪಟ್ಟಿ ಬ್ಯಾಟರಿಯ ಊರನ್ನು ಹೇಳುತ್ತಿತ್ತೇ ಹೊರತು ಗುಣವನ್ನಲ್ಲ. ಈ ಎರಡನ್ನೂ ಬಿಡಿಸಿ ನೋಡಿದರೆ ಆಯ್ಕೆ ಸುಲಭವಾಗುತ್ತದೆ.

ಕಾರಿನ ಹೆಸರು ಎತ್ತುವ ಮೊದಲು ಅಳತೆಗೋಲುಗಳನ್ನು ನಿಶ್ಚಯಿಸಿಕೊಳ್ಳಬೇಕು. ನಿಮ್ಮ ಆದಾಯವೆಷ್ಟು ಮತ್ತು ನೀವು ಒಬ್ಬರೇ ತೆರಿಗೆ ಸಲ್ಲಿಸುತ್ತೀರೋ ದಂಪತಿಯಾಗಿ ಜಂಟಿಯಾಗಿ ಸಲ್ಲಿಸುತ್ತೀರೋ ಎಂಬುದು ಮೊದಲಿನದು, ಏಕೆಂದರೆ ಈಗ ಉಳಿದಿರುವ ಚಿಕ್ಕ ಲಾಭವೂ ಆದಾಯದ ಮಿತಿಗೆ ಒಳಪಟ್ಟಿದೆ. ಕಾರಿನ ಅಂತಿಮ ಜೋಡಣೆ ಎಲ್ಲಿ ನಡೆದಿದೆ ಎಂಬುದು ಎರಡನೆಯದು. ಬ್ಯಾಟರಿಯ ಸೆಲ್‌ಗಳಲ್ಲಿರುವ ರಾಸಾಯನಿಕ ಯಾವುದು, ಅದು ನಿಮ್ಮ ಊರಿನ ಹವಾಮಾನಕ್ಕೆ ಒಗ್ಗುತ್ತದೆಯೇ ಎಂಬುದು ಮೂರನೆಯದು. ಕಾರನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ, ವರ್ಷಕ್ಕೆ ಎಷ್ಟು ಮೈಲಿ ಓಡಿಸುತ್ತೀರಿ, ರಾತ್ರಿ ಮನೆಯಲ್ಲೇ ಚಾರ್ಜ್ ಮಾಡಲು ಜಾಗವಿದೆಯೇ ಎಂಬ ಮೂರು ಸಂಗತಿಗಳನ್ನು ನಾನು ಒಂದಾಗಿ ನೋಡುತ್ತೇನೆ. ನನ್ನ ದೃಷ್ಟಿಯಲ್ಲಿ ಕೊನೆಯ ಈ ಅಳತೆಯೇ ಎಲ್ಲಕ್ಕಿಂತ ತೂಕದ್ದು, ಆದರೂ ಹೆಚ್ಚಿನವರು ಅದನ್ನು ಕೊನೆಗೆ ನೋಡುತ್ತಾರೆ.

ಹಳೆಯ ಪಟ್ಟಿ ಹೇಳಿದ್ದೇನು

2022ರ ಆಗಸ್ಟ್ 16ರಂದು ಅಧ್ಯಕ್ಷ ಜೋ ಬೈಡನ್ ಸಹಿ ಹಾಕಿದ ಹಣದುಬ್ಬರ ಇಳಿಕೆ ಕಾಯಿದೆ 7,500 ಡಾಲರನ್ನು ಎರಡು ಸಮಪಾಲು ಮಾಡಿತು. 3,750 ಡಾಲರು ಬ್ಯಾಟರಿಯೊಳಗಿನ ಮುಖ್ಯ ಖನಿಜಗಳ ಮೂಲಕ್ಕೆ, ಉಳಿದ 3,750 ಡಾಲರು ಬ್ಯಾಟರಿಯ ಬಿಡಿಭಾಗಗಳ ತಯಾರಿಕೆ ಮತ್ತು ಜೋಡಣೆಗೆ ಸೇರಿದವು. 2023ರ ಏಪ್ರಿಲ್ 18ರಿಂದ ಜಾರಿಗೆ ಬಂದ ಈ ನಿಯಮದ ಪ್ರಕಾರ, ಖನಿಜಗಳ ಮೌಲ್ಯದಲ್ಲಿ ನಿಗದಿತ ಪಾಲನ್ನು ಅಮೆರಿಕದಲ್ಲಾಗಲಿ ಅದರೊಡನೆ ಮುಕ್ತ ವ್ಯಾಪಾರ ಒಪ್ಪಂದವಿರುವ ದೇಶದಲ್ಲಾಗಲಿ ಹೊರತೆಗೆದಿರಬೇಕು ಇಲ್ಲವೇ ಸಂಸ್ಕರಿಸಿರಬೇಕು, ಅಥವಾ ಉತ್ತರ ಅಮೆರಿಕದಲ್ಲಿ ಮರುಬಳಕೆಯಿಂದ ಪಡೆದಿರಬೇಕು. ಆ ಪಾಲು 2023ರಲ್ಲಿ ಶೇ 40, 2024ರಲ್ಲಿ ಶೇ 50, 2025ರಲ್ಲಿ ಶೇ 60 ಎಂದು ಏರುತ್ತ ಹೋಯಿತು. ಬಿಡಿಭಾಗಗಳ ವಿಷಯದಲ್ಲಿ ಉತ್ತರ ಅಮೆರಿಕದ ಪಾಲು 2023ರಲ್ಲಿ ಶೇ 50, ಮುಂದಿನ ಎರಡು ವರ್ಷ ಶೇ 60 ಇರಬೇಕಿತ್ತು.

ಹೊರತೆಗೆಯುವುದು ಅಥವಾ ಸಂಸ್ಕರಿಸುವುದು, ಇವೆರಡರಲ್ಲಿ ಒಂದಿದ್ದರೂ ಸಾಕೆಂಬ ವಿನಾಯಿತಿಯನ್ನು ಗಮನಿಸಬೇಕು. ಅರ್ಜೆಂಟೀನಾದ ಲಿಥಿಯಂ ಆ ದೇಶದ ಹೆಸರಿನಲ್ಲಿ ಲೆಕ್ಕಕ್ಕೆ ಬರುತ್ತಿರಲಿಲ್ಲ. ಅದೇ ಲಿಥಿಯಂ ದಕ್ಷಿಣ ಕೊರಿಯಾದಲ್ಲಿ ಸಂಸ್ಕರಣೆಗೊಂಡರೆ ಬರುತ್ತಿತ್ತು. ನಮ್ಮ ಮಂಡ್ಯ ಜಿಲ್ಲೆಯ ಮರಳಗಾಲ ಮತ್ತು ಅಲ್ಲಾಪಟ್ಟಣದ ಆಸುಪಾಸಿನಲ್ಲಿ ಪರಮಾಣು ಖನಿಜ ನಿರ್ದೇಶನಾಲಯ 1,600 ಟನ್ ಲಿಥಿಯಂ ಇರುವುದಾಗಿ ಅಂದಾಜಿಸಿದೆಯಷ್ಟೆ. ಭಾರತದೊಡನೆ ಅಂಥ ಒಪ್ಪಂದ ಇಲ್ಲದ ಕಾರಣ, ಮಂಡ್ಯದ ಲಿಥಿಯಂ ಅಂದು ಗಣಿಯಿಂದ ಹೊರಬಂದಿದ್ದರೂ ಇನ್ನೊಂದು ಒಪ್ಪಿತ ದೇಶದ ಕಾರ್ಖಾನೆಯನ್ನು ಹಾದು ಬರಬೇಕಾಗುತ್ತಿತ್ತು.

ಇದಕ್ಕಿಂತ ಕಠಿಣವಾದ ಕಟ್ಟಳೆ ಚೀನಾ, ರಷ್ಯಾ, ಉತ್ತರ ಕೊರಿಯಾ ಮತ್ತು ಇರಾನ್ ಸರ್ಕಾರಗಳ ಹಿಡಿತದಲ್ಲಿರುವ ಅಥವಾ ಆ ದೇಶಗಳಲ್ಲೇ ತಯಾರಿಕೆ ನಡೆಸುವ ಸಂಸ್ಥೆಗಳಿಗೆ ಸಂಬಂಧಿಸಿದ್ದು. ಅಂಥ ಸರ್ಕಾರಕ್ಕೆ ಶೇ 25 ಅಥವಾ ಹೆಚ್ಚಿನ ಪಾಲುದಾರಿಕೆಯಿದ್ದರೆ ಆ ಸಂಸ್ಥೆಯನ್ನು ಹೊರಗಿಡಲಾಗುತ್ತಿತ್ತು. 2024ರಿಂದ ಒಂದೇ ಒಂದು ಬಿಡಿಭಾಗ ಅಂಥ ಸಂಸ್ಥೆಯದಾಗಿದ್ದರೂ, 2025ರಿಂದ ಖನಿಜ ಅಂಥದ್ದಾಗಿದ್ದರೂ, ಕಾರಿಗೆ ಏನೂ ದಕ್ಕುತ್ತಿರಲಿಲ್ಲ. ಗ್ರಾಫೈಟ್‌ನ ಮೂಲವನ್ನು ಪತ್ತೆಹಚ್ಚುವುದು ಕಷ್ಟವೆಂದು ಅದಕ್ಕೆ ಮಾತ್ರ ಎರಡು ವರ್ಷದ ಕಾಲಾವಕಾಶ ಕೊಡಲಾಯಿತು. ಬ್ಯಾಟರಿಗೆ ಬೇಕಾದ ಗ್ರಾಫೈಟ್ ಸಂಸ್ಕರಣೆ ಬಹುಪಾಲು ಚೀನಾದಲ್ಲೇ ನಡೆಯುವಾಗ ಬೇರೆ ದಾರಿಯೂ ಇರಲಿಲ್ಲ.

ಪರಿಣಾಮ ಏನಾಯಿತೆಂಬುದಕ್ಕೆ ಟೆಸ್ಲಾ ಮಾಡೆಲ್ 3ರ ಹಿಂಗಾಲಿ ಚಾಲನೆಯ ಅಗ್ಗದ ಮಾದರಿಯನ್ನು ನೋಡಿ. ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಜೋಡಣೆಯಾಗುತ್ತಿದ್ದ ಆ ಕಾರಿಗೆ ಚೀನಾದ ಸಿಎಟಿಎಲ್ ಕಂಪನಿಯ ಎಲ್‌ಎಫ್‌ಪಿ ಸೆಲ್‌ಗಳಿದ್ದವು. 2024ರ ಜನವರಿ 1ರಂದು ಅದು ಕ್ರೆಡಿಟ್ ಕಳೆದುಕೊಂಡಿತು, ಅದೇ ವರ್ಷದ ಕೊನೆಯ ಹೊತ್ತಿಗೆ ಅಮೆರಿಕದ ಮಾರಾಟದಿಂದಲೇ ಮರೆಯಾಯಿತು. ಆದರೆ ಎಲ್‌ಎಫ್‌ಪಿ ಎಂದರೆ ಲಿಥಿಯಂ, ಕಬ್ಬಿಣ ಮತ್ತು ಫಾಸ್ಫೇಟ್ ಬಳಸಿ ಮಾಡಿದ, ನಿಕ್ಕಲ್ ಮತ್ತು ಕೋಬಾಲ್ಟ್ ಇಲ್ಲದ ಬ್ಯಾಟರಿ. ಅದು ಹೆಚ್ಚು ಚಾರ್ಜಿಂಗ್ ಸುತ್ತುಗಳನ್ನು ತಾಳಿಕೊಳ್ಳುತ್ತದೆ, ಪದೇಪದೇ ಪೂರ್ತಿ ಶೇ 100ರವರೆಗೆ ಚಾರ್ಜ್ ಮಾಡಿದರೂ ಬೇಗ ಸವೆಯುವುದಿಲ್ಲ, ಬೆಂಕಿಯ ಅಪಾಯವೂ ಕಡಿಮೆ. ಅಷ್ಟೇ ತೂಕಕ್ಕೆ ಕಡಿಮೆ ದೂರ ಓಡುತ್ತದೆ, ಕೊರೆಯುವ ಚಳಿಯಲ್ಲಿ ನಿಧಾನವಾಗಿ ಚಾರ್ಜ್ ಆಗುತ್ತದೆ ಎಂಬುದು ಅದರ ಕೊರತೆ. ಪಟ್ಟಿಯಿಂದ ಬಿದ್ದುಹೋದ ಆ ಕಾರಿನ ಬ್ಯಾಟರಿ, ಪಟ್ಟಿಯಲ್ಲಿ ಉಳಿದ ಹಲವು ಕಾರುಗಳ ಬ್ಯಾಟರಿಗಿಂತ ಗಟ್ಟಿಯಾಗಿತ್ತು ಎಂದು ನಾನು ದೃಢವಾಗಿ ನಂಬುತ್ತೇನೆ.

2025ರ ಜುಲೈ 4ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಸಹಿ ಹಾಕಿದ ಕಾಯಿದೆ ಹೊಸ ಕಾರಿನ ಕ್ರೆಡಿಟ್ಟನ್ನೂ, ಬಳಸಿದ ಕಾರಿನ 4,000 ಡಾಲರಿನ ಕ್ರೆಡಿಟ್ಟನ್ನೂ, ಲೀಸ್ ಕಂಪನಿಗಳ ಮೂಲಕ ಗ್ರಾಹಕರಿಗೆ ತಲುಪುತ್ತಿದ್ದ ವಾಣಿಜ್ಯ ವಾಹನದ ಕ್ರೆಡಿಟ್ಟನ್ನೂ ಒಂದೇ ದಿನ ನಿಲ್ಲಿಸಿತು. ಆ ಗಡುವಿನೊಳಗೆ ಕಾರು ಕೊಂಡವರು, ಅಥವಾ ಬದ್ಧ ಲಿಖಿತ ಒಪ್ಪಂದ ಮಾಡಿಕೊಂಡು ಮುಂಗಡ ಕೊಟ್ಟು ಕಾರನ್ನು ಆಮೇಲೆ ಪಡೆದವರು, ಈಗಲೂ ಹಕ್ಕುದಾರರೇ. ಡೀಲರ್‌ಗೆ ಕ್ರೆಡಿಟ್ ವರ್ಗಾಯಿಸಿ ಬೆಲೆಯಲ್ಲೇ ಇಳಿಸಿಕೊಂಡಿದ್ದರೂ 8936ನೇ ಫಾರ್ಮನ್ನು ತೆರಿಗೆ ಸಲ್ಲಿಕೆಯೊಡನೆ ಸೇರಿಸಲೇಬೇಕು. ಜಂಟಿ ಆದಾಯ ಕೊಂಡ ವರ್ಷದಲ್ಲೂ ಅದರ ಹಿಂದಿನ ವರ್ಷದಲ್ಲೂ 3,00,000 ಡಾಲರನ್ನು ಮೀರಿದ್ದರೆ ಮಾತ್ರ ಪಡೆದ ಹಣವನ್ನು ಹಿಂದಿರುಗಿಸಬೇಕಾಗುತ್ತದೆ. ಎರಡರಲ್ಲಿ ಒಂದು ವರ್ಷ ಮಿತಿಯೊಳಗಿದ್ದರೆ ಸಾಕು.

ಹೊಸ ಕಾರು, ಅಮೆರಿಕದಲ್ಲೇ ಜೋಡಣೆಯಾದದ್ದು

ಹೊಸ ಕಾಯಿದೆ ಕ್ರೆಡಿಟ್ ತೆಗೆದ ಕೈಯಿಂದಲೇ ಇನ್ನೊಂದು ಲಾಭವನ್ನು ಕೊಟ್ಟಿತು. 2025ರಿಂದ 2028ರವರೆಗೆ ಹೊಸ ಕಾರಿನ ಸಾಲದ ಬಡ್ಡಿಯನ್ನು, ವರ್ಷಕ್ಕೆ 10,000 ಡಾಲರಿನ ಮಿತಿಯೊಳಗೆ, ತೆರಿಗೆಗೆ ಒಳಪಡುವ ಆದಾಯದಿಂದ ಕಳೆಯಬಹುದು. ಕಾರು ವಿದ್ಯುತ್ತಿನದೋ ಪೆಟ್ರೋಲಿನದೋ ಎಂದು ಈ ನಿಯಮ ಕೇಳುವುದಿಲ್ಲ, ಬ್ಯಾಟರಿಯ ಮೂಲವನ್ನೂ ಕೇಳುವುದಿಲ್ಲ. ಅಂತಿಮ ಜೋಡಣೆ ಅಮೆರಿಕದ ನೆಲದಲ್ಲೇ ಆಗಿರಬೇಕು, ಕಾರು ಸ್ವಂತ ಬಳಕೆಯದಾಗಿರಬೇಕು, ಮೊದಲ ಒಡೆಯರು ನೀವೇ ಆಗಿರಬೇಕು. ಲೀಸ್‌ಗೂ ಬಳಸಿದ ಕಾರಿಗೂ ಇದು ಸಿಗದು.

ಇದು ಎಷ್ಟು ಬಾಳುತ್ತದೆಂದು ಲೆಕ್ಕ ಹಾಕೋಣ. 40,000 ಡಾಲರು ಸಾಲ, ಶೇ 6ರ ಬಡ್ಡಿ, ಐದು ವರ್ಷದ ಅವಧಿ ಎಂದುಕೊಂಡರೆ ಮೊದಲ ವರ್ಷದ ಬಡ್ಡಿ ಸುಮಾರು 2,200 ಡಾಲರು, ಮೊದಲ ಮೂರು ವರ್ಷಗಳದ್ದು ಒಟ್ಟು ಸುಮಾರು 5,300 ಡಾಲರು. ಶೇ 22ರ ತೆರಿಗೆ ಹಂತದಲ್ಲಿರುವ ಕುಟುಂಬಕ್ಕೆ ಮೂರು ವರ್ಷಗಳಲ್ಲಿ ಉಳಿಯುವುದು 1,160 ಡಾಲರಿನಷ್ಟು. ಹಳೆಯ 7,500 ಡಾಲರಿನೆದುರು ಇದು ಆರನೇ ಒಂದು ಭಾಗವೂ ಅಲ್ಲ. ಇಷ್ಟೂ ಎಲ್ಲರಿಗೆ ಸಿಗುವುದಿಲ್ಲ: ಜಂಟಿ ಆದಾಯ 2,00,000 ಡಾಲರನ್ನು, ಒಬ್ಬರೇ ಸಲ್ಲಿಸುವವರ ಆದಾಯ 1,00,000 ಡಾಲರನ್ನು ದಾಟಿದ ಮೇಲೆ ಪ್ರತಿ 1,000 ಡಾಲರಿಗೂ ಕಳೆಯಬಹುದಾದ ಮೊತ್ತದಲ್ಲಿ 200 ಡಾಲರು ಕಡಿಮೆಯಾಗುತ್ತದೆ. ಆ ಇಳಿಕೆ ನಿಮ್ಮ ನಿಜವಾದ ಬಡ್ಡಿಯ ಮೇಲೆಯೇ ಬೀಳುವುದರಿಂದ, ಮೇಲಿನ ಉದಾಹರಣೆಯ ದಂಪತಿಯ ಆದಾಯ 2,12,000 ಡಾಲರಿಗೆ ಮುಟ್ಟುವಷ್ಟರಲ್ಲಿ ಮೊದಲ ವರ್ಷದ ಲಾಭ ಪೂರ್ತಿ ಕರಗಿಹೋಗಿರುತ್ತದೆ. ಗಂಡಹೆಂಡಿರಿಬ್ಬರೂ ಸಾಫ್ಟ್‌ವೇರ್ ಕೆಲಸದಲ್ಲಿರುವ ಮನೆಗಳು ಈ ಲಾಭವನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿರುವುದು ಒಳ್ಳೆಯದು. ತಯಾರಕರು ಶೂನ್ಯ ಬಡ್ಡಿಯ ಸಾಲ ಕೊಡುತ್ತಿದ್ದರೆ ಎಲ್ಲರೂ ಅದನ್ನೇ ಹಿಡಿಯಬೇಕು.

ಈ ಗುಂಪಿನಲ್ಲಿ ಹ್ಯುಂಡೈ ಐಯೋನಿಕ್ 5 ನನ್ನ ಮೊದಲ ಆಯ್ಕೆ. ಜಾರ್ಜಿಯಾ ರಾಜ್ಯದ ಸವಾನಾ ಬಳಿಯ ಕಾರ್ಖಾನೆಯಲ್ಲಿ ಜೋಡಣೆಯಾಗುವ ಈ ಕಾರಿಗೆ ಕೊರಿಯಾದ ಎಸ್‌ಕೆ ಆನ್ ಕಂಪನಿಯ ನಿಕ್ಕಲ್ ಆಧಾರಿತ ಸೆಲ್‌ಗಳಿವೆ. ಕ್ರೆಡಿಟ್ ನಿಂತ ಮರುದಿನಗಳಲ್ಲೇ ಕಂಪನಿ 2026ರ ಮಾದರಿಯ ಬೆಲೆಯನ್ನು ಆವೃತ್ತಿಗೆ ತಕ್ಕಂತೆ 9,800 ಡಾಲರಿನವರೆಗೆ ಇಳಿಸಿ, 35,000 ಡಾಲರಿನಿಂದ ಆರಂಭವಾಗುವಂತೆ ಮಾಡಿತು. ಕಳೆದುಹೋದ ಕ್ರೆಡಿಟ್ಟಿನ ಕೊರತೆಯನ್ನು ತಯಾರಕರೇ ತುಂಬಿಕೊಟ್ಟ ಸ್ಪಷ್ಟ ಉದಾಹರಣೆ ಇದು. ಟೆಸ್ಲಾ ಕೂಡ ಆ ಅಕ್ಟೋಬರಿನಲ್ಲಿ ಮಾಡೆಲ್ ವೈ ಕಾರಿನ ಸರಳಗೊಳಿಸಿದ ಆವೃತ್ತಿಯನ್ನು 39,990 ಡಾಲರಿಗೆ ತಂದಿತು. ಚಾರ್ಜಿಂಗ್ ಜಾಲದ ವಿಶ್ವಾಸಾರ್ಹತೆಯೇ ಮುಖ್ಯವೆನ್ನುವ, ದೂರದ ಊರುಗಳಿಗೆ ಆಗಾಗ ಹೋಗುವ ಕುಟುಂಬಕ್ಕೆ ಅದು ಈಗಲೂ ಸಲ್ಲುತ್ತದೆ.

ಎರಡು ಕಾರು, ಎರಡು ಕಾಯಿದೆ

ಷೆವ್ರೊಲೆ ಈಕ್ವಿನಾಕ್ಸ್ ಇವಿ ಮತ್ತು ಹೊಸ ಬೋಲ್ಟ್ ಒಂದೇ ಕಂಪನಿಯ ಕಾರುಗಳು; ಇವೆರಡನ್ನು ಅಕ್ಕಪಕ್ಕ ಇಟ್ಟರೆ ಎರಡು ಕಾಯಿದೆಗಳ ನಡುವಿನ ಅಂತರ ಕಣ್ಣಿಗೆ ಕಟ್ಟುತ್ತದೆ. ಈಕ್ವಿನಾಕ್ಸ್‌ನ ಸೆಲ್‌ಗಳನ್ನು ಎಲ್‌ಜಿ ಜೊತೆಗಿನ ಪಾಲುದಾರಿಕೆಯ ಕಾರ್ಖಾನೆಗಳು ಅಮೆರಿಕದಲ್ಲೇ ತಯಾರಿಸುತ್ತವೆ, ಆದರೆ ಕಾರಿನ ಜೋಡಣೆ ಮೆಕ್ಸಿಕೋದ ರಾಮೋಸ್ ಅರಿಸ್ಪೆಯಲ್ಲಿ ನಡೆಯುತ್ತದೆ. ಉತ್ತರ ಅಮೆರಿಕದ ಜೋಡಣೆಯನ್ನು ಒಪ್ಪುತ್ತಿದ್ದ ಹಳೆಯ ನಿಯಮದಡಿ ಅದಕ್ಕೆ ಪೂರ್ತಿ 7,500 ಡಾಲರು ಸಿಕ್ಕಿತ್ತು, ಹೊಸ ನಿಯಮದಡಿ ಬಡ್ಡಿಯ ಲಾಭವೂ ಇಲ್ಲ. ಬೋಲ್ಟ್‌ನ ಕಥೆ ಇದಕ್ಕೆ ತಿರುಗುಮುರುಗು. ಕಾನ್ಸಾಸ್‌ನಲ್ಲಿ ಜೋಡಣೆಯಾಗುವ 2027ರ ಮಾದರಿಗೆ ಎಲ್‌ಎಫ್‌ಪಿ ಬ್ಯಾಟರಿಯಿದ್ದು, ಟೆನೆಸಿಯ ಕಾರ್ಖಾನೆ ಸಿದ್ಧವಾಗುವವರೆಗೆ ಅದರ ಸೆಲ್‌ಗಳು ಸಿಎಟಿಎಲ್‌ನಿಂದ ಬರುವಂತೆ ಕಂಪನಿ ಏರ್ಪಾಡು ಮಾಡಿಕೊಂಡಿತು. ಹಳೆಯ ಕಾಯಿದೆಯಡಿ ಒಂದು ಡಾಲರೂ ಪಡೆಯಲಾಗದ ಕಾರು ಹೊಸ ಕಾಯಿದೆಯಡಿ ಬಡ್ಡಿಯ ಲಾಭಕ್ಕೆ ಅರ್ಹವಾಗಿದೆ.

ಆಯ್ಕೆ ಮಾಡುವವರು ಇಲ್ಲಿ ತೆರಿಗೆಯನ್ನು ಬದಿಗಿಟ್ಟು ಬಳಕೆಯನ್ನು ನೋಡಬೇಕು. ಸುಮಾರು 30,000 ಡಾಲರಿನ, 262 ಮೈಲಿ ಓಡುವ ಬೋಲ್ಟ್ ಡಾಲಸ್, ಆಸ್ಟಿನ್, ಫೀನಿಕ್ಸ್‌ನಂಥ ಊರುಗಳಲ್ಲಿ ದಿನನಿತ್ಯ ಕಚೇರಿಗೆ ಹೋಗಿಬರುವವರಿಗೆ ಚೆನ್ನಾಗಿ ಹೊಂದುತ್ತದೆ. ಮನೆಗೆ ಒಂದೇ ಕಾರು, ಅದರಲ್ಲೇ ದೂರ ಪ್ರಯಾಣವೂ ಆಗಬೇಕು, ಇರುವುದು ಷಿಕಾಗೊ ಅಥವಾ ಮಿನಿಯಾಪೊಲಿಸ್‌ನ ಚಳಿಯಲ್ಲಿ ಎನ್ನುವವರಿಗೆ 319 ಮೈಲಿ ಓಡುವ, ನಿಕ್ಕಲ್ ಬ್ಯಾಟರಿಯ ಈಕ್ವಿನಾಕ್ಸ್ ಮೇಲು, ಮತ್ತು ಅದಕ್ಕಾಗಿ ಸಾವಿರ ಡಾಲರಿನ ತೆರಿಗೆ ಲಾಭವನ್ನು ಬಿಟ್ಟುಕೊಟ್ಟರೆ ನಷ್ಟವೇನೂ ಇಲ್ಲ. ಜಪಾನಿನಿಂದ ಬರುವ ಹೊಸ ನಿಸಾನ್ ಲೀಫ್, ಟೊಯೊಟಾ ಬಿಜ಼ಡ್ ಮುಂತಾದವುಗಳಿಗೂ ಇದೇ ಮಾತು ಅನ್ವಯಿಸುತ್ತದೆ: ಬೆಲೆ ಹಿಡಿಸಿದರೆ ಕೊಳ್ಳಿ, ಜೋಡಣೆಯ ಊರಿನ ಕಾರಣಕ್ಕೆ ಬಿಡಬೇಡಿ. ಜೋಡಣೆ ಎಲ್ಲಿ ಆಗಿದೆ ಎಂಬುದು ಕಿಟಕಿಗೆ ಅಂಟಿಸಿದ ಬೆಲೆಪಟ್ಟಿಯಲ್ಲೇ ನಮೂದಾಗಿರುತ್ತದೆ. ಒಂದೇ ಮಾದರಿ ಎರಡು ದೇಶಗಳಲ್ಲಿ ತಯಾರಾಗುವುದುಂಟಾದ್ದರಿಂದ ಡೀಲರ್‌ನ ಬಾಯಿಮಾತನ್ನು ನಂಬದೆ ಕಾರಿನ ಗುರುತಿನ ಸಂಖ್ಯೆಯಾದ ವಿಐಎನ್ ಅನ್ನು ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎಯ ಜಾಲತಾಣದಲ್ಲಿ ಹಾಕಿ ನೋಡಿಕೊಳ್ಳಿ.

ಲೀಸ್

ಹಳೆಯ ದಿನಗಳಲ್ಲಿ ಲೀಸ್ ಎಲ್ಲರಿಗೂ ತೆರೆದ ಬಾಗಿಲಾಗಿತ್ತು. ಲೀಸ್ ಕಂಪನಿಗೆ ಸಿಗುತ್ತಿದ್ದ 7,500 ಡಾಲರಿಗೆ ಜೋಡಣೆಯ ಊರು, ಖನಿಜದ ಮೂಲ, ಗ್ರಾಹಕರ ಆದಾಯ ಯಾವುದೂ ಅಡ್ಡಿಯಾಗುತ್ತಿರಲಿಲ್ಲ. ಕೊರಿಯಾದಿಂದ ಹಡಗಿನಲ್ಲಿ ಬಂದ ಐಯೋನಿಕ್ 5 ಮತ್ತು ಕಿಯಾ ಇವಿ6 ಕೂಡ ಆ ದಾರಿಯಿಂದಲೇ ಅಗ್ಗವಾದವು. ಆ ಬಾಗಿಲು ಮುಚ್ಚಿದ ಮೇಲೆ ಲೀಸ್‌ನ ಬಲ ಒಂದೇ ಉಳಿದಿದೆ: ಮೂರು ವರ್ಷದ ನಂತರ ಕಾರಿನ ಬೆಲೆ ಎಷ್ಟು ಕುಸಿದರೂ ಅದರ ಹೊರೆ ಕಂಪನಿಯದು. ತಂತ್ರಜ್ಞಾನ ಬೇಗ ಬದಲಾಗುತ್ತಿರುವ ಈ ವಸ್ತುವಿಗೆ ಅದು ಸಣ್ಣ ಬಲವಲ್ಲ. ವರ್ಷಕ್ಕೆ 10,000 ಅಥವಾ 12,000 ಮೈಲಿಯೊಳಗೆ ಓಡಿಸುವವರಿಗೆ, ತಯಾರಕರು ತಮ್ಮ ಕಡೆಯಿಂದ ರಿಯಾಯಿತಿ ಕೊಡುತ್ತಿರುವ ಮಾದರಿಗಳಲ್ಲಿ, ಇದು ಈಗಲೂ ಹೊಂದುತ್ತದೆ.

ಎಚ್-1ಬಿ ವೀಸಾದಲ್ಲಿರುವವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಎಷ್ಟು ವರ್ಷ ಇರುತ್ತೇವೋ ತಿಳಿಯದು, ಆದ್ದರಿಂದ ಲೀಸೇ ವಾಸಿ ಎಂದು ಹಲವರು ಭಾವಿಸುತ್ತಾರೆ. ವಾಸ್ತವದಲ್ಲಿ ಅವಧಿಗೆ ಮುಂಚೆ ಲೀಸ್ ಮುರಿಯುವುದು ದುಬಾರಿ, ಉಳಿದ ಕಂತುಗಳಲ್ಲಿ ಬಹುಪಾಲನ್ನು ಒಮ್ಮೆಲೇ ಕಟ್ಟಬೇಕಾಗಿ ಬರಬಹುದು. ಕೆಲಸ ಹೋಗಿ ಅರವತ್ತು ದಿನಗಳಲ್ಲಿ ಬೇರೆ ಕೆಲಸ ಹುಡುಕಬೇಕಾದ ಸ್ಥಿತಿಯಲ್ಲಿ ಇರುವವರಿಗೆ, ಒಂದೇ ವಾರದಲ್ಲಿ ಮಾರಿಬಿಡಬಹುದಾದ ಸಾಧಾರಣ ಬೆಲೆಯ ಬಳಸಿದ ಕಾರು ಹೆಚ್ಚು ನೆಮ್ಮದಿ ಕೊಡುತ್ತದೆ.

ಬಳಸಿದ ಕಾರು

ಬಜೆಟ್ 25,000 ಡಾಲರಿನೊಳಗೆ ಇದ್ದರೆ ಬೇರೆಡೆ ನೋಡುವ ಅಗತ್ಯವೇ ಇಲ್ಲ ಎನ್ನುವುದು ನನ್ನ ಅಭಿಪ್ರಾಯ. ಕಾರಿನ ಬೆಲೆ ಅತಿ ವೇಗವಾಗಿ ಇಳಿಯುವ ಮೊದಲ ವರ್ಷಗಳ ನಷ್ಟವನ್ನು ಹಿಂದಿನ ಒಡೆಯರು ಹೊತ್ತಿರುತ್ತಾರೆ, ಅವರಿಗೆ ಸಿಕ್ಕ ಕ್ರೆಡಿಟ್ ಕೂಡ ಮರುಮಾರಾಟದ ಬೆಲೆಯಲ್ಲಿ ಈಗಾಗಲೇ ಇಳಿದಿರುತ್ತದೆ. 2023 ಮತ್ತು 2024ರಲ್ಲಿ ಲೀಸ್‌ಗೆ ಹೋದ ಕಾರುಗಳು ಮೂರು ವರ್ಷ ಮುಗಿಸಿ ಮಾರುಕಟ್ಟೆಗೆ ಹಿಂದಿರುಗುವ ಕಾಲವೂ ಇದೇ ಆಗಿರುವುದರಿಂದ ಆಯ್ಕೆ ವಿಶಾಲವಾಗಿದೆ.

ಬ್ಯಾಟರಿಯ ವಿವರವನ್ನು ಕೆದಕಿ ಕೇಳಬೇಕಾದದ್ದು ಇಲ್ಲಿಯೇ, ಏಕೆಂದರೆ ಕಾರಿನ ಉಳಿದ ಆಯುಷ್ಯವೆಲ್ಲ ಅದರಲ್ಲಿದೆ. ಸಾಮಾನ್ಯವಾಗಿ ಬ್ಯಾಟರಿಗೆ ಎಂಟು ವರ್ಷ ಅಥವಾ 1,00,000 ಮೈಲಿಯ ವಾರಂಟಿ ಇರುತ್ತದೆ, ಆ ಅವಧಿಯಲ್ಲಿ ಸಾಮರ್ಥ್ಯ ಶೇ 70ಕ್ಕಿಂತ ಕೆಳಗಿಳಿದರೆ ದುರಸ್ತಿ ಅಥವಾ ಬದಲಾವಣೆಯ ಹೊಣೆ ಬಹುತೇಕ ತಯಾರಕರದು. ಹಾಗಾಗಿ ಮೂರು ವರ್ಷದ ಕಾರಿಗೆ ಇನ್ನೂ ಐದು ವರ್ಷದ ರಕ್ಷಣೆ ಉಳಿದಿರುತ್ತದೆ. 2017ರಿಂದ 2022ರವರೆಗಿನ ಬೋಲ್ಟ್ ಕಾರುಗಳನ್ನು ಬೆಂಕಿಯ ಅಪಾಯದ ಕಾರಣಕ್ಕೆ ಹಿಂದಕ್ಕೆ ಕರೆಸಿ, ಅವುಗಳಲ್ಲಿ ಬಹಳಷ್ಟಕ್ಕೆ ಹೊಸ ಬ್ಯಾಟರಿ ಹಾಕಿಕೊಡಲಾಯಿತು. ಆ ಬದಲಾವಣೆಯ ದಾಖಲೆಯಿರುವ ಬೋಲ್ಟ್ ಸಿಕ್ಕರೆ ಹಳೆಯ ಕಾರಿನ ಬೆಲೆಗೆ ಹೊಸ ಬ್ಯಾಟರಿ ಸಿಕ್ಕಂತಾಗುತ್ತದೆ. ಮಾಡೆಲ್ 3ರ ಎಲ್‌ಎಫ್‌ಪಿ ಆವೃತ್ತಿ, ಅಂದರೆ ಹಳೆಯ ಪಟ್ಟಿಯಿಂದ ಹೊರಬಿದ್ದ ಅದೇ ಕಾರು, ಬಳಸಿದ ಕಾರುಗಳಲ್ಲಿ ನಾನು ಧೈರ್ಯವಾಗಿ ಶಿಫಾರಸು ಮಾಡುವಂಥದ್ದು. ದ್ರವದಿಂದ ತಂಪಾಗುವ ವ್ಯವಸ್ಥೆಯಿಲ್ಲದ ಹಳೆಯ ನಿಸಾನ್ ಲೀಫ್ ಮಾತ್ರ ಅರಿಜ಼ೋನಾದಂಥ ಸುಡುಬಿಸಿಲಿನ ಊರಿನಲ್ಲಿ ಓಡಿದ್ದರೆ ಬೇಡ. ಅದರ ವೇಗದ ಚಾರ್ಜಿಂಗ್ ಜೋಡಿಕೆಗೆ ಹೊಂದುವ ನಿಲ್ದಾಣಗಳೂ ಕಡಿಮೆಯಾಗುತ್ತಿವೆ. ಯಾವ ಕಾರೇ ಆದರೂ ಬ್ಯಾಟರಿಯ ಉಳಿದ ಸಾಮರ್ಥ್ಯದ ವರದಿಯನ್ನು ಹಣ ಕೊಡುವ ಮೊದಲು ಲಿಖಿತವಾಗಿ ಪಡೆಯಿರಿ.

ರಾಜ್ಯದ ಲೆಕ್ಕ ಮತ್ತು ಮನೆಯ ಚಾರ್ಜರ್

ಫೆಡರಲ್ ಹಣ ನಿಂತ ಮೇಲೆ ರಾಜ್ಯಗಳ ನಿಯಮಗಳ ತೂಕ ಹೆಚ್ಚಿದೆ, ಮತ್ತು ಎಲ್ಲ ರಾಜ್ಯಗಳೂ ಕೊಡುವ ಕಡೆಯಲ್ಲಿ ಇಲ್ಲ. ಕೊಲೊರಾಡೊ ತನ್ನ ಕ್ರೆಡಿಟ್ಟನ್ನು 2026ರ ಆರಂಭದಿಂದ 3,500 ಡಾಲರಿನಿಂದ 750ಕ್ಕೆ ಇಳಿಸಿತು. ನಮ್ಮವರು ಬಹಳ ಸಂಖ್ಯೆಯಲ್ಲಿರುವ ನ್ಯೂಜೆರ್ಸಿ 2025ರ ಜುಲೈಯಿಂದ ಮಾರಾಟ ತೆರಿಗೆಯ ವಿನಾಯಿತಿಯನ್ನು ಪೂರ್ತಿ ತೆಗೆದುಹಾಕಿದ್ದಲ್ಲದೆ ವಿದ್ಯುತ್ ಕಾರುಗಳಿಗೆ ಪ್ರತ್ಯೇಕ ವಾರ್ಷಿಕ ಶುಲ್ಕವನ್ನೂ ವಿಧಿಸುತ್ತದೆ, ಹೊಸ ಕಾರಿಗೆ ನಾಲ್ಕು ವರ್ಷದ್ದನ್ನು ಮುಂಗಡವಾಗಿಯೇ ಕಟ್ಟಬೇಕು. ಟೆಕ್ಸಾಸ್‌ನಲ್ಲಿ ಹೊಸ ಕಾರಿನ ಮೊದಲ ನೋಂದಣಿಗೆ 400 ಡಾಲರು, ಆಮೇಲೆ ವರ್ಷಕ್ಕೆ 200 ಡಾಲರು ಹೆಚ್ಚುವರಿ. ಐದು ವರ್ಷದ ಲೆಕ್ಕದಲ್ಲಿ ಈ ಶುಲ್ಕಗಳು ಬಡ್ಡಿಯ ಮೇಲಿನ ತೆರಿಗೆ ಲಾಭವನ್ನು ನುಂಗಿಬಿಡಬಲ್ಲವು. ಬೆಲೆ ಹೋಲಿಸುವಾಗ ಅವುಗಳನ್ನೂ ಸೇರಿಸಿಕೊಳ್ಳಿ.

ಅಪಾರ್ಟ್‌ಮೆಂಟಿನಲ್ಲಿದ್ದು, ರಾತ್ರಿ ಚಾರ್ಜ್ ಮಾಡಲು ಜಾಗವಿಲ್ಲದೆ, ಸಾರ್ವಜನಿಕ ವೇಗದ ಚಾರ್ಜರ್‌ಗಳನ್ನೇ ನಂಬಬೇಕಾದವರಿಗೆ ಇಂಧನದ ಉಳಿತಾಯ ಬಹುಪಾಲು ಕೈತಪ್ಪುತ್ತದೆ; ಅವರು ಇರುವ ಕಾರನ್ನೇ ಇನ್ನೆರಡು ವರ್ಷ ಓಡಿಸುವುದು ವಿವೇಕದ ತೀರ್ಮಾನ. ಸ್ವಂತ ಗ್ಯಾರೇಜಿನಲ್ಲಿ 2026ರ ಜೂನ್ 30ರೊಳಗೆ ಚಾರ್ಜರ್ ಅಳವಡಿಸಿ ಬಳಕೆಗೆ ತಂದವರು ಅದಕ್ಕೆ ಸಿಗುವ ಶೇ 30ರ, 1,000 ಡಾಲರು ಮೀರದ ಕ್ರೆಡಿಟ್ಟಿಗೆ ತಮ್ಮ ಪ್ರದೇಶ ಅರ್ಹವೇ ಎಂದು ನೋಡಿಕೊಳ್ಳಬಹುದು. ಅದು ಗ್ರಾಮೀಣ ಮತ್ತು ಕಡಿಮೆ ಆದಾಯದ ಜನಗಣತಿ ವಲಯಗಳಿಗೆ ಸೀಮಿತವಾಗಿದೆ, ಮತ್ತು ಆ ದಿನದ ನಂತರ ಅಳವಡಿಸಿದ ಚಾರ್ಜರ್‌ಗೆ ಅದು ಸಿಗದು.